ತಿಂಗಳಿಗೆ 5,000 ಹಾಕಿದರೆ ನಿವೃತ್ತಿ ಹೊತ್ತಿಗೆ 1.75 ಕೋಟಿ? ಫಾರ್ವರ್ಡ್‌ನ ಲೆಕ್ಕ ಬಿಡಿಸಿ ನೋಡೋಣ

"ತಿಂಗಳಿಗೆ ಬರೀ 5,000 ರೂಪಾಯಿ. 30 ವರ್ಷ. ಶೇ. 12 ಲಾಭ. ಕೈಗೆ 1.75 ಕೋಟಿ! ಮುಪ್ಪಿನಲ್ಲಿ ಯಾರ ಮುಂದೆಯೂ ಕೈ ಚಾಚಬೇಡಿ. ಇವತ್ತೇ ಶುರು ಮಾಡಿ. ನಿಮ್ಮವರಿಗೆಲ್ಲ ಕಳಿಸಿ."

ಇಂಥದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೊತ್ತ ಬೇರೆ, ವರ್ಷ ಬೇರೆ ಇರಬಹುದು, ಧಾಟಿ ಮಾತ್ರ ಇದೇ. ಇದು ಸುಳ್ಳೇ? ಅಲ್ಲ. ಕ್ಯಾಲ್ಕುಲೇಟರಿಗೆ ಹಾಕಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಹಾಗಾದರೆ ನಂಬಬಹುದೇ? ಪೂರ್ತಿಯಾಗಿ ಅಲ್ಲ. ಈ ಲೆಕ್ಕದಲ್ಲಿ ಗುಣಾಕಾರ ಸರಿಯಿದೆ, ಆದರೆ ಮೂರು ಸಂಗತಿ ಬಿಟ್ಟುಹೋಗಿವೆ: ಬೆಲೆಯೇರಿಕೆ, ಏರಿಳಿತ ಮತ್ತು ಸೋರಿಕೆ. ನಿವೃತ್ತಿಗೆ ಹಣ ಕೂಡಿಡುವವರು ಮೊದಲು ತಿಳಿಯಬೇಕಾದದ್ದು ಈ ಮೂರನ್ನೇ. ಒಂದೊಂದಾಗಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಈ ಲೇಖನದಲ್ಲಿ ಬೆಲೆಯೇರಿಕೆಯನ್ನು ವರ್ಷಕ್ಕೆ ಶೇ. 6 ಎಂದು ಹಿಡಿದಿದ್ದೇವೆ. ಇದು ಲೆಕ್ಕಕ್ಕಾಗಿ ಮಾಡಿಕೊಂಡ ಅಂದಾಜು, ಭವಿಷ್ಯವಾಣಿಯಲ್ಲ. ರಿಸರ್ವ್ ಬ್ಯಾಂಕಿಗೆ ಇರುವ ಗುರಿ ಶೇ. 4. ಅದಕ್ಕಿಂತ ಎರಡು ಅಂಶ ಮೇಲೆ ಕೆಳಗೆ ಆಗಬಹುದು ಎಂಬ ಸಡಿಲಿಕೆಯೂ ಇದೆ. ನಾವು ಆ ಮೇಲಿನ ಅಂಚನ್ನೇ ತೆಗೆದುಕೊಂಡಿದ್ದೇವೆ. ಮುಪ್ಪಿನ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಹಿಡಿದರೆ ನಷ್ಟವಿಲ್ಲ, ಕಡಿಮೆ ಹಿಡಿದರೆ ಕಷ್ಟ.

ಬೆಲೆಯೇರಿಕೆ: 1.75 ಕೋಟಿ ಯಾವ ಕಾಲದ ರೂಪಾಯಿ?

ಬೆಲೆ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ತಿಳಿಯಲು ಸುಲಭದ ಉಪಾಯವಿದೆ. 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿ. ಶೇ. 6ಕ್ಕೆ 12 ವರ್ಷ. ಅಂದರೆ ಇಂದು 100 ರೂಪಾಯಿಗೆ ಸಿಗುವ ಸಾಮಾನಿಗೆ 12 ವರ್ಷದ ನಂತರ 200, 24 ವರ್ಷದ ನಂತರ 400 ರೂಪಾಯಿ. 30 ವರ್ಷಕ್ಕೆ ಅದು ಸುಮಾರು 574 ರೂಪಾಯಿ ಆಗುತ್ತದೆ.

ಈಗ ಫಾರ್ವರ್ಡ್‌ನ 1.75 ಕೋಟಿಯನ್ನು ಇಂದಿನ ಬೆಲೆಗೆ ಇಳಿಸಿ ನೋಡಿ. ಅದರ ಕೊಳ್ಳುವ ಶಕ್ತಿ ಸುಮಾರು 30 ಲಕ್ಷ ರೂಪಾಯಿ ಮಾತ್ರ. ಮನೆಖರ್ಚಿಗೆ ಇಂದಿನ ಲೆಕ್ಕದಲ್ಲಿ ತಿಂಗಳಿಗೆ 30,000 ಬೇಕು ಎನ್ನುವ ಕುಟುಂಬಕ್ಕೆ, ಉಳಿದ ಹಣ ಬೆಲೆಯೇರಿಕೆಯ ಸಮಕ್ಕೆ ಬೆಳೆಯುತ್ತಿದ್ದರೂ, ಇದು ಎಂಟೂವರೆ ವರ್ಷಕ್ಕೆ ಮುಗಿಯುತ್ತದೆ. 60ಕ್ಕೆ ನಿವೃತ್ತರಾದವರ ಕೈ 69ರ ಒಳಗೇ ಖಾಲಿ.

ಹಾಗೆಂದು 30 ಲಕ್ಷ ಸಣ್ಣ ಮೊತ್ತವಲ್ಲ. ತಿಂಗಳಿಗೆ 5,000 ಹಾಕಿದವರು ಹಾಕದವರಿಗಿಂತ ಎಷ್ಟೋ ಮೇಲು. ಆದರೆ "ಕೋಟಿ" ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಮನಸ್ಸು ಇಂದಿನ ಕೋಟಿಯನ್ನು ಕಲ್ಪಿಸಿಕೊಂಡು "ಸಾಕಾಯ್ತು" ಎಂದುಕೊಳ್ಳುತ್ತದೆ. ತೊಂದರೆ ಇರುವುದು ಅಲ್ಲಿ.

ಖರ್ಚಿನ ಕಡೆಯಿಂದಲೂ ಇದನ್ನೇ ನೋಡಬಹುದು. ಇಂದು 35ರ ವಯಸ್ಸಿನವರ ಮನೆಖರ್ಚು ತಿಂಗಳಿಗೆ 30,000 ಇದ್ದರೆ, ಅವರಿಗೆ 60 ಆಗುವ ಹೊತ್ತಿಗೆ ಅದೇ ಅಕ್ಕಿ, ಬೇಳೆ, ಕರೆಂಟು, ಔಷಧಿಗೆ ಸುಮಾರು 1.29 ಲಕ್ಷ ಬೇಕಾಗುತ್ತದೆ. ಬದುಕಿನ ಮಟ್ಟ ಒಂದು ಮೆಟ್ಟಿಲೂ ಏರಿರುವುದಿಲ್ಲ, ಏರಿದ್ದು ಬೆಲೆ ಮಾತ್ರ.

ಇದಕ್ಕೆ ಪರಿಹಾರವೂ ಅದೇ ಲೆಕ್ಕದಲ್ಲಿದೆ. ಫಾರ್ವರ್ಡ್‌ನಲ್ಲಿ 30 ವರ್ಷವೂ 5,000ವೇ. ಆದರೆ ಸಂಬಳ 30 ವರ್ಷ ನಿಂತಲ್ಲೇ ನಿಲ್ಲುವುದಿಲ್ಲವಲ್ಲ? ಶೇ. 10 ಲಾಭ ಸಿಕ್ಕಿದರೆ, ಪ್ರತಿ ತಿಂಗಳ 5,000 ರೂಪಾಯಿ 30 ವರ್ಷಕ್ಕೆ 1.13 ಕೋಟಿ ಆಗುತ್ತದೆ. ಅದೇ 5,000ವನ್ನು ವರ್ಷಕ್ಕೊಮ್ಮೆ ಶೇ. 6ರಷ್ಟು ಹೆಚ್ಚಿಸುತ್ತಾ ಹೋದರೆ, ಅಂದರೆ ಎರಡನೇ ವರ್ಷ 5,300, ಮೂರನೇ ವರ್ಷ 5,618, ಹೀಗೆ, ಮೊತ್ತ ಸುಮಾರು 1.98 ಕೋಟಿಗೆ ಏರುತ್ತದೆ. ಇನ್‌ಕ್ರಿಮೆಂಟ್ ಬಂದ ತಿಂಗಳೇ ಉಳಿತಾಯವನ್ನೂ ಏರಿಸುವುದು ರೂಢಿಯಾದರೆ ಕೈಗೆ ಭಾರವೂ ಅನ್ನಿಸುವುದಿಲ್ಲ.

ತಡ ಮಾಡಿದರೆ ಏನಾಗುತ್ತದೆ?

"ಬೇಗ ಶುರು ಮಾಡಿ" ಎಂಬ ಮಾತು ಮಾತ್ರ ಫಾರ್ವರ್ಡ್‌ನಲ್ಲಿ ನೂರಕ್ಕೆ ನೂರು ಸರಿ. ಶೇ. 10ರ ದರದಲ್ಲೇ, 30ನೇ ವಯಸ್ಸಿಗೆ ಶುರು ಮಾಡಿದವರಿಗೆ 60ಕ್ಕೆ 1.13 ಕೋಟಿ. 40ಕ್ಕೆ ಶುರು ಮಾಡಿದವರಿಗೆ ಸುಮಾರು 38 ಲಕ್ಷ. ತಡವಾಗಿ ಬಂದವರು ಕಟ್ಟಿದ್ದು 6 ಲಕ್ಷ ಕಡಿಮೆ, ಕೈಗೆ ಬಂದದ್ದು 75 ಲಕ್ಷ ಕಡಿಮೆ. ಚಕ್ರಬಡ್ಡಿಯ ದೊಡ್ಡ ಪಾಲು ಸಿಗುವುದು ಕೊನೆಯ ವರ್ಷಗಳಲ್ಲಿ. ಮೊದಲು ಹಾಕಿದ ಹಣಕ್ಕೆ ಆ ವರ್ಷಗಳವರೆಗೆ ಬೆಳೆಯಲು ಸಮಯ ಸಿಗುತ್ತದೆ.

40 ದಾಟಿದವರು ಇದನ್ನು ಓದಿ ಬೇಸರಪಡಬೇಕಿಲ್ಲ. 20 ವರ್ಷದಲ್ಲಿ ಅದೇ 1.13 ಕೋಟಿ ಬೇಕಾದರೆ ತಿಂಗಳಿಗೆ ಸುಮಾರು 14,900 ಬೇಕು. ಅಷ್ಟು ಆಗದಿದ್ದರೆ ದಾರಿ ಮೂರು: ಸಾಧ್ಯವಾದಷ್ಟು ಹೆಚ್ಚು ಉಳಿಸುವುದು, ಎರಡು ಮೂರು ವರ್ಷ ಹೆಚ್ಚು ದುಡಿಯುವುದು, ಮುಂದಿನ ಖರ್ಚನ್ನು ಈಗಲೇ ತಗ್ಗಿಸಿಕೊಳ್ಳುವುದು. ತಪ್ಪು ದಾರಿ ಒಂದೇ. "ತಡವಾಯಿತು, ಬೇಗ ಬೆಳೆಯುವ ಕಡೆ ಹಾಕೋಣ" ಎಂದು ಅಪಾಯಕ್ಕೆ ಕೈಹಾಕುವುದು.

ಏರಿಳಿತ: ಶೇ. 12 ಎಂದರೆ ಪ್ರತಿ ವರ್ಷ ಶೇ. 12 ಅಲ್ಲ

ಫಾರ್ವರ್ಡ್ ಶೇ. 12 ಲಾಭವನ್ನು ಬ್ಯಾಂಕ್ ಬಡ್ಡಿಯಂತೆ ಬರೆದುಬಿಡುತ್ತದೆ. ಇದು ಷೇರು ಆಧಾರಿತ ಮ್ಯೂಚುವಲ್ ಫಂಡ್‌ಗಳ ಬಗ್ಗೆ ಹೇಳುವ ಅಂದಾಜು. ಅದಕ್ಕೆ ಯಾರೂ ಖಾತರಿ ಕೊಡುವುದಿಲ್ಲ. ದರ ಸ್ವಲ್ಪ ಬದಲಾದರೆ ಮೊತ್ತ ಎಷ್ಟು ಬದಲಾಗುತ್ತದೆ ನೋಡಿ. ತಿಂಗಳಿಗೆ 5,000, 30 ವರ್ಷ:

ಶೇ. 12 ಸಿಕ್ಕಿದರೆ 1.75 ಕೋಟಿ.
ಶೇ. 10 ಸಿಕ್ಕಿದರೆ 1.13 ಕೋಟಿ.
ಶೇ. 8 ಸಿಕ್ಕಿದರೆ ಸುಮಾರು 75 ಲಕ್ಷ.

ಷೇರು ಪೇಟೆಯ ದಾರಿ ನೇರ ರಸ್ತೆಯಲ್ಲ, ಘಾಟಿ ರಸ್ತೆ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಂದು ಹಂತದಲ್ಲಿ 8,000ಕ್ಕೂ ಕೆಳಗಿಳಿಯಿತು. 2020ರ ಜನವರಿಯಲ್ಲಿ 42,000ದ ಹತ್ತಿರವಿದ್ದದ್ದು ಕೊರೊನಾ ಭೀತಿಯಲ್ಲಿ ಮಾರ್ಚ್ 23ಕ್ಕೆ 26,000ದ ಆಸುಪಾಸಿಗೆ ಬಿತ್ತು. ಎರಡೂ ಸಲ ಪೇಟೆ ಮತ್ತೆ ಮೇಲೆದ್ದಿತು. ಆದರೆ 2020ರಲ್ಲಿ ಅದಕ್ಕೆ ಕೆಲವೇ ತಿಂಗಳು ಸಾಕಾದರೆ, 2008ರ ಬೀಳಿನಿಂದ ಹಳೆಯ ಎತ್ತರದ ಹತ್ತಿರ ಬರಲು ಎರಡು ವರ್ಷ ಬೇಕಾಯಿತು.

ಇದರಿಂದ ಕಲಿಯಬೇಕಾದ್ದು "ಷೇರು ಎಂದರೆ ಜೂಜು" ಎಂಬುದಲ್ಲ. "ಷೇರು ಎಂದರೆ ಗ್ಯಾರಂಟಿ" ಎಂಬುದೂ ಅಲ್ಲ. ಹಣ ಯಾವಾಗ ಬೇಕು ಎಂಬುದರ ಮೇಲೆ ಉತ್ತರ ನಿಂತಿದೆ. 30ರ ವಯಸ್ಸಿನವರಿಗೆ 25-30 ವರ್ಷ ಸಮಯವಿದೆ, ಬಿದ್ದರೂ ಏಳುವವರೆಗೆ ಕಾಯಬಹುದು. ಬೆಲೆಯೇರಿಕೆಯನ್ನು ಮೀರಿ ಬೆಳೆಯಲು ಅವರ ಉಳಿತಾಯದ ಒಂದು ಪಾಲು ಷೇರು ಫಂಡ್‌ನಲ್ಲಿರುವುದು ತರ್ಕಬದ್ಧ. 58ರ ವಯಸ್ಸಿನವರಿಗೆ ಎರಡು ವರ್ಷದಲ್ಲಿ ಹಣ ಬೇಕು. ಅವರು ಎಲ್ಲವನ್ನೂ ಪೇಟೆಯಲ್ಲಿಟ್ಟು, ಅದೇ ವರ್ಷ ಪೇಟೆ ಬಿದ್ದರೆ, ಕಾಯಲು ಸಮಯವಿರುವುದಿಲ್ಲ. ಆದ್ದರಿಂದ ನಿವೃತ್ತಿ ಹತ್ತಿರವಾದಂತೆ ಷೇರಿನ ಪಾಲನ್ನು ನಿಧಾನವಾಗಿ ಇಳಿಸುತ್ತಾ ಬರಬೇಕು.

ಇನ್ನೊಂದು ಕಣ್ಣಿಗೆ ಕಾಣದ ಖರ್ಚಿದೆ. 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡ್‌ಗೂ "ಡೈರೆಕ್ಟ್" ಎಂಬ ಬಗೆ ಇದೆ. ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲ. "ರೆಗ್ಯುಲರ್" ಬಗೆಯಲ್ಲಿ ಆ ಕಮಿಷನ್ ಪ್ರತಿ ವರ್ಷ ನಿಮ್ಮ ಹಣದಿಂದಲೇ ಹೋಗುತ್ತದೆ. ವರ್ಷಕ್ಕೆ ಶೇ. 1 ಎಂದರೆ ಏನು ಮಹಾ ಅನ್ನಿಸಬಹುದು. ಶೇ. 12ರ ಬದಲು ಶೇ. 11 ಸಿಕ್ಕಿದರೆ 30 ವರ್ಷದಲ್ಲಿ 1.75 ಕೋಟಿ 1.40 ಕೋಟಿಗೆ ಇಳಿಯುತ್ತದೆ. ಒಳ್ಳೆಯ ಸಲಹೆ ಕೊಟ್ಟು, ಪೇಟೆ ಬಿದ್ದಾಗ ಧೈರ್ಯ ಹೇಳುವವರಿಗೆ ಹಣ ಕೊಡುವುದು ತಪ್ಪಲ್ಲ. ಎಷ್ಟು ಕೊಡುತ್ತಿದ್ದೇವೆ ಎಂಬುದು ಗೊತ್ತಿಲ್ಲದೆ ಕೊಡುವುದು ತಪ್ಪು.

ಸೋರಿಕೆ: ಪಿಎಫ್ ಹಣ ಮಧ್ಯದಲ್ಲೇ ಖಾಲಿಯಾಗುವುದು ಹೇಗೆ?

ಹೊಸದಾಗಿ ಎಲ್ಲಿ ಹಾಕಬೇಕು ಎಂದು ಹುಡುಕುವ ಮೊದಲು, ಈಗಾಗಲೇ ಇರುವುದು ಎಲ್ಲಿದೆ ಎಂದು ನೋಡಿಕೊಳ್ಳಿ. ಪಿಎಫ್ ಕಡಿತವಾಗುವ ಕೆಲಸದಲ್ಲಿದ್ದರೆ ನಿಮ್ಮ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 12 ನಿಮ್ಮಿಂದ, ಅಷ್ಟೇ ಮೊತ್ತ ಕಂಪನಿಯಿಂದ ಜಮೆಯಾಗುತ್ತದೆ. ಕಂಪನಿಯ ಪಾಲಿನಲ್ಲಿ ಶೇ. 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದದ್ದಕ್ಕೆ ವರ್ಷ ವರ್ಷ ಬಡ್ಡಿ ಸೇರುತ್ತದೆ. 2023-24 ಮತ್ತು 2024-25ರಲ್ಲಿ ಆ ಬಡ್ಡಿ ಶೇ. 8.25 ಇತ್ತು.

ಪಿಂಚಣಿ ನಿಧಿಯ ಲೆಕ್ಕ ಸರಳ. ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ವೇತನಕ್ಕೆ 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮಿತಿ 15,000 ರೂಪಾಯಿ. ಅದರಂತೆ 14 ವರ್ಷ ದುಡಿದವರಿಗೆ 58ರಿಂದ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಕನಿಷ್ಠ 10 ವರ್ಷದ ಸೇವೆ ಇರಬೇಕು. ಸರ್ಕಾರಿ ಪಿಂಚಣಿಯಂತೆ ಇದರ ಜೊತೆ ತುಟ್ಟಿಭತ್ಯೆ ಏರುವುದಿಲ್ಲ. "ಪಿಎಫ್ ಇದೆ, ಪಿಂಚಣಿ ಬರುತ್ತೆ, ಚಿಂತೆಯಿಲ್ಲ" ಎನ್ನುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಸೋರಿಕೆ ಆಗುವುದು ಕೆಲಸ ಬದಲಿಸುವಾಗ. ಹಳೆಯ ಖಾತೆಯನ್ನು ಹೊಸ ಕಂಪನಿಗೆ ವರ್ಗಾಯಿಸುವ ಬದಲು ಹಲವರು ಹಣ ತೆಗೆದುಬಿಡುತ್ತಾರೆ. 28ನೇ ವಯಸ್ಸಿನಲ್ಲಿ ತೆಗೆದ 1 ಲಕ್ಷ, ಶೇ. 8ರ ದರದಲ್ಲಿ 58ರವರೆಗೆ ಅಲ್ಲೇ ಇದ್ದಿದ್ದರೆ 10 ಲಕ್ಷ ಆಗುತ್ತಿತ್ತು. ಫಾರ್ವರ್ಡ್‌ಗೆ ಹಾಕಿದ ಅಳತೆಗೋಲನ್ನೇ ನಮ್ಮ ಮಾತಿಗೂ ಹಾಕೋಣ: ಇಂದಿನ ಬೆಲೆಯಲ್ಲಿ ಅದು 1.75 ಲಕ್ಷ. ಹತ್ತು ಪಟ್ಟು ಎಂಬ ಮಾತು ಮರೆತರೂ, ತೆಗೆದು ಖರ್ಚಾದದ್ದು ಸೊನ್ನೆ, ಉಳಿದಿದ್ದರೆ 1.75 ಲಕ್ಷ ಎಂಬುದು ನಿಜ. ಜೊತೆಗೆ ಪಿಂಚಣಿ ನಿಧಿಯ ಹಣವನ್ನೂ ತೆಗೆದರೆ ಆವರೆಗಿನ ಸೇವೆಯ ವರ್ಷಗಳೂ ಅಳಿಸಿಹೋಗುತ್ತವೆ, 10 ವರ್ಷದ ಲೆಕ್ಕ ಮತ್ತೆ ಒಂದರಿಂದ ಶುರು. ಐದು ವರ್ಷ ಸತತ ಸೇವೆ ಆಗುವ ಮೊದಲು ತೆಗೆದ ಪಿಎಫ್ ಹಣ ಸಾಮಾನ್ಯವಾಗಿ ತೆರಿಗೆಗೂ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಜನ ಯಾಕೆ ತೆಗೆಯುತ್ತಾರೆ? ತಿಳಿವಳಿಕೆ ಇಲ್ಲದೆ ಎಂದು ಹೇಳಿಬಿಡುವುದು ಸುಲಭ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಕಾರ್ಮಿಕರು, ಅದರಲ್ಲೂ ಹೆಣ್ಣುಮಕ್ಕಳು, ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಹೊಸೂರು ರಸ್ತೆ, ಪೀಣ್ಯದ ಕಡೆ ಸಂಚಾರ ನಿಂತುಹೋಯಿತು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು. ಆ ಕಾರ್ಮಿಕರಿಗೆ ಪಿಎಫ್ ಎಂದರೆ ಮುಪ್ಪಿನ ಹಣವಷ್ಟೇ ಆಗಿರಲಿಲ್ಲ. ಮಗಳ ಫೀಸು, ಗಂಡನ ಆಸ್ಪತ್ರೆ ಬಿಲ್ಲು, ಕೆಲಸ ಹೋದ ತಿಂಗಳ ಬಾಡಿಗೆ, ಎಲ್ಲಕ್ಕೂ ಇದ್ದ ಒಂದೇ ಗಂಟು ಅದು.

ಆದ್ದರಿಂದ "ಪಿಎಫ್ ಮುಟ್ಟಬೇಡಿ" ಎಂಬ ಬುದ್ಧಿಮಾತು ಒಂದರಿಂದಲೇ ಸೋರಿಕೆ ನಿಲ್ಲುವುದಿಲ್ಲ. ಕಷ್ಟಕ್ಕೆ ಬೇರೆ ಗಂಟು ಇದ್ದರೆ ಮಾತ್ರ ಮುಪ್ಪಿನ ಗಂಟು ಉಳಿಯುತ್ತದೆ. ಹೀಗಾಗಿ ನಿವೃತ್ತಿ ಯೋಜನೆಯ ಮೊದಲ ಮೆಟ್ಟಿಲು ನಿವೃತ್ತಿ ಫಂಡ್ ಅಲ್ಲವೇ ಅಲ್ಲ. ಮೂರರಿಂದ ಆರು ತಿಂಗಳ ಮನೆಖರ್ಚು ಬೇಕೆಂದಾಗ ಕೈಗೆ ಸಿಗುವಂತೆ ಬ್ಯಾಂಕಿನಲ್ಲಿರಬೇಕು. ಮನೆಯವರಿಗೆಲ್ಲ ಆರೋಗ್ಯ ವಿಮೆ ಇರಬೇಕು. ಬಡ್ಡಿ ತಿನ್ನುವ ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲ ತೀರಬೇಕು. ಆಮೇಲೆ ಉಳಿದ ಮಾತು. ಒಂದೇ ಸಲಕ್ಕೆ ಆಗದಿದ್ದರೆ ತಿಂಗಳಿಗೆ 500 ರೂಪಾಯಿಯ ಆರ್‌ಡಿಯಿಂದ ಶುರು ಮಾಡಿದರೂ ಸರಿ.

ಪಿಎಫ್ ಇಲ್ಲದವರಿಗೆ ಏನಿದೆ?

ಆಟೊ ಓಡಿಸುವವರು, ಅಂಗಡಿ ಇಟ್ಟವರು, ಮನೆಗೆಲಸದವರು, ರೈತರು, ಫ್ರೀಲಾನ್ಸ್ ಮಾಡುವವರು: ಇವರಿಗೆ ಸಂಬಳದಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಇಲ್ಲ. ಇವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ. 18ರಿಂದ 40ರ ವಯಸ್ಸಿನವರು ಸೇರಬಹುದು. 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ, ನೀವು ಆರಿಸಿಕೊಂಡಷ್ಟು ಕನಿಷ್ಠ ಪಿಂಚಣಿಗೆ ಸರ್ಕಾರದ ಖಾತರಿ ಇದೆ. 5,000ದ ಪಿಂಚಣಿಗೆ 18ರಲ್ಲಿ ಸೇರಿದವರು ತಿಂಗಳಿಗೆ 210, 30ರಲ್ಲಿ ಸೇರಿದವರು 577, 40ರಲ್ಲಿ ಸೇರಿದವರು 1,454 ರೂಪಾಯಿ ಕಟ್ಟಬೇಕು. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಇದರಲ್ಲಿ ಹೊಸದಾಗಿ ಸೇರಲು ಅವಕಾಶವಿಲ್ಲ. ಇದು ನಂಬಬಹುದಾದ ಯೋಜನೆ. ಆದರೆ ಇಂದು 30 ಇರುವವರಿಗೆ 60 ಆದಾಗ ಬರುವ 5,000 ರೂಪಾಯಿ, ನಮ್ಮ ಶೇ. 6ರ ಲೆಕ್ಕದಲ್ಲಿ, ಇಂದಿನ ಸುಮಾರು 870 ರೂಪಾಯಿಗೆ ಸಮ. ಆಸರೆ ಹೌದು, ಇದೊಂದೇ ಸಾಲದು.

ಎರಡನೆಯದು ಪಿಪಿಎಫ್. ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ತೆರೆಯಬಹುದು, 15 ವರ್ಷದ ಅವಧಿ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. 2020ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 7.1ಕ್ಕೆ ಇಳಿದು ವರ್ಷಗಟ್ಟಲೆ ಅಲ್ಲೇ ನಿಂತಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ. ಏರಿಳಿತದ ಭಯವಿಲ್ಲ, ಬೆಲೆಯೇರಿಕೆಗಿಂತ ಒಂದು ಹೆಜ್ಜೆ ಮುಂದೆ.

ಮೂರನೆಯದು ಎನ್‌ಪಿಎಸ್. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಅನ್ವಯವಾದದ್ದು ಇದೇ ವ್ಯವಸ್ಥೆ. 2009ರ ಮೇ ತಿಂಗಳಿನಿಂದ ಯಾರು ಬೇಕಾದರೂ ಸೇರಬಹುದು. ಹಣದ ಒಂದು ಪಾಲು ಷೇರಿಗೆ, ಇನ್ನೊಂದು ಪಾಲು ಸಾಲಪತ್ರಗಳಿಗೆ ಹೋಗುತ್ತದೆ, ನಿರ್ವಹಣೆಯ ವೆಚ್ಚ ಬಹಳ ಕಡಿಮೆ. ಕೊನೆಯಲ್ಲಿ ಒಂದು ಪಾಲು ಇಡಿಗಂಟಾಗಿ ಸಿಗುತ್ತದೆ, ಇನ್ನೊಂದು ಪಾಲಿನಿಂದ ಪಿಂಚಣಿ ಕೊಳ್ಳಬೇಕು. ಎಷ್ಟೆಷ್ಟು ಪಾಲು ಎಂಬ ನಿಯಮ ಬದಲಾಗುತ್ತಾ ಬಂದಿದೆ, ಸೇರುವ ದಿನ ಪಿಎಫ್‌ಆರ್‌ಡಿಎ ಜಾಲತಾಣದಲ್ಲಿ ನೋಡಿಕೊಳ್ಳಿ. ಹಣ ಸುಲಭವಾಗಿ ತೆಗೆಯಲು ಬರುವುದಿಲ್ಲ ಎಂಬುದು ಕೆಲವರಿಗೆ ಕೊರತೆ. ಕೈ ಬಿಗಿ ಇಲ್ಲದವರಿಗೆ ಅದೇ ಅನುಕೂಲ.

"ಕಟ್ಟಿದ್ದರ ಎರಡರಷ್ಟು ವಾಪಸ್": ಇದು ಲಾಭವೇ?

ಏಜೆಂಟರ ಬಾಯಲ್ಲಿ ಹೆಚ್ಚು ಕೇಳುವ ಮಾತು: "ವರ್ಷಕ್ಕೆ 1 ಲಕ್ಷದಂತೆ 20 ವರ್ಷ ಕಟ್ಟಿ. 20 ಲಕ್ಷ ಕಟ್ಟಿದ್ದಕ್ಕೆ 40 ಲಕ್ಷ ಬರುತ್ತೆ, ಡಬಲ್!" ಡಬಲ್ ಎಂಬುದು ನಿಜವೇ ಇರಲಿ. ಆದರೆ 20 ವರ್ಷದ ಮೇಲೆ ಹರಡಿದ ಈ ಡಬಲ್‌ನ ವಾರ್ಷಿಕ ದರ ಎಷ್ಟು? ಸುಮಾರು ಶೇ. 6.2. ಬೆಲೆಯೇರಿಕೆಯ ಲೆಕ್ಕ ಕಳೆದರೆ ಹೆಚ್ಚುಕಡಿಮೆ ಕೊಟ್ಟದ್ದೇ ವಾಪಸ್ ಬಂದಂತೆ.

ವಿಮೆ ಬೇಡವೆಂದು ನಾವು ಹೇಳುತ್ತಿಲ್ಲ. ದುಡಿಯುವವರ ಜೀವಕ್ಕೆ ವಿಮೆ ಬೇಕೇ ಬೇಕು, ಅದಕ್ಕೆ ಕಡಿಮೆ ಕಂತಿನ ಟರ್ಮ್ ಪಾಲಿಸಿ ಇದೆ. ವಿಮೆಯನ್ನು ವಿಮೆಯಾಗಿ, ಉಳಿತಾಯವನ್ನು ಉಳಿತಾಯವಾಗಿ ಬೇರೆ ಬೇರೆ ಕೊಂಡರೆ ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರುತ್ತದೆ. ಯಾವ ಪಾಲಿಸಿ ತಂದರೂ ಒಂದೇ ಪ್ರಶ್ನೆ ಕೇಳಿ: "ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತೆ?" ಉತ್ತರ ಬರೆದು ಕೊಡಲು ಹೇಳಿ.

ಸೈಟು ಇದ್ದರೆ ಸಾಕಲ್ಲವೇ? ಮಕ್ಕಳಿದ್ದಾರಲ್ಲವೇ?

ಇರಲು ಸ್ವಂತ ಮನೆ ಇದ್ದರೆ ಮುಪ್ಪಿನಲ್ಲಿ ಬಾಡಿಗೆಯ ಚಿಂತೆ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಇರುವ ಹಣವೆಲ್ಲ ಸೈಟಿನಲ್ಲಿ ಕೂತರೆ ತೊಂದರೆ. ಮಾತ್ರೆಗೆ 2,000 ಬೇಕೆಂದು ಸೈಟಿನ ಒಂದು ಮೂಲೆ ಮಾರಲು ಬರುವುದಿಲ್ಲ. ಕೊಳ್ಳುವವರು ಸಿಗಬೇಕು, ದಾಖಲೆ ಸರಿಯಿರಬೇಕು, ಒತ್ತುವರಿ ಆಗದಂತೆ ಕಾಯಬೇಕು. ಚಿನ್ನವನ್ನು ಕಷ್ಟಕ್ಕೆ ಅಡವಿಡಬಹುದು, ಆದರೆ ಅದು ತಿಂಗಳ ಆದಾಯ ಕೊಡುವುದಿಲ್ಲ.

ಮಕ್ಕಳ ಮಾತು ಸೂಕ್ಷ್ಮ. ನೋಡಿಕೊಳ್ಳುವ ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಮಗ ಮಗಳ ಓದು, ಮದುವೆಗೆ ಪಿಎಫ್ ಪೂರ್ತಿ ಬಳಿದುಕೊಡುವ ಮೊದಲು ಒಂದು ವ್ಯತ್ಯಾಸ ಗಮನಿಸಿ. ಓದಿಗೆ ಶಿಕ್ಷಣ ಸಾಲ ಸಿಗುತ್ತದೆ, ಅದನ್ನು ತೀರಿಸಲು ಮಕ್ಕಳ ಮುಂದೆ ದುಡಿಯುವ ವರ್ಷಗಳಿವೆ. ಅಪ್ಪ ಅಮ್ಮನ ಮುಂದೆ ಆ ವರ್ಷಗಳಿಲ್ಲ. ನಿಮ್ಮ ಖರ್ಚಿಗೆ ನಿಮ್ಮಲ್ಲೇ ಇದ್ದರೆ ಅದು ಮಕ್ಕಳಿಗೂ ನೀವು ಕೊಡುವ ಆಸ್ತಿ.

ನಿವೃತ್ತಿಯ ದಿನವೇ ದೊಡ್ಡ ಅಪಾಯ

ಪಿಎಫ್, ಗ್ರಾಚ್ಯುಟಿ, ರಜೆ ನಗದೀಕರಣ ಎಲ್ಲ ಸೇರಿ ಬದುಕಿನ ಅತಿ ದೊಡ್ಡ ಮೊತ್ತ ಖಾತೆಗೆ ಬೀಳುವುದು ಆ ದಿನ. ಅದರ ಸುಳಿವು ಹಿಡಿದು ಫೋನು ಬರುವುದೂ ಆಗಲೇ. "ತಿಂಗಳಿಗೆ ಶೇ. 3" ಎಂದರೆ ವರ್ಷಕ್ಕೆ ಶೇ. 36. ಅಷ್ಟು ಲಾಭ ನಿಜವಾಗಿ ಬರುವ ವ್ಯವಹಾರದವರು ನಿಮ್ಮ ಮನೆ ಬಾಗಿಲಿಗೆ ಯಾಕೆ ಬರುತ್ತಾರೆ?

ಬೆಂಗಳೂರಿನ ಐಎಂಎ ಕಂಪನಿ ಬಡ್ಡಿಯ ಬದಲು ಲಾಭದ ಪಾಲು ಎಂದು ಹೇಳಿ ಹಣ ಸಂಗ್ರಹಿಸಿತ್ತು. 2019ರ ಜೂನ್‌ನಲ್ಲಿ ಅದು ಮುಚ್ಚಿಬಿದ್ದಾಗ ದೂರು ಕೊಡಲು ಸಾವಿರಾರು ಮಂದಿ ಸಾಲುಗಟ್ಟಿದರು. ಇಂಥ ಕಂಪನಿಗಳು ಮೊದಲ ತಿಂಗಳುಗಳಲ್ಲಿ ಸರಿಯಾಗಿ ಹಣ ಕೊಡುತ್ತವೆ. ಅದು ಹೊಸಬರಿಂದ ಬಂದ ಹಣ. "ನಮ್ಮ ಭಾವನಿಗೆ ಬರ್ತಾ ಇದೆ" ಎಂಬುದು ಆದ್ದರಿಂದ ಸಾಕ್ಷಿಯಲ್ಲ.

ಬ್ಯಾಂಕ್ ಎಂದು ಬರೆದುಕೊಂಡಿದ್ದರೂ ಎಚ್ಚರ ಬೇಕು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅವರಲ್ಲಿ ಜೀವಮಾನದ ಉಳಿತಾಯ ಇಟ್ಟಿದ್ದ ಹಿರಿಯರು ಬಹಳ ಮಂದಿ ಇದ್ದರು. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನ ಎಲ್ಲ ಖಾತೆ, ಎಫ್‌ಡಿ, ಬಡ್ಡಿ ಸೇರಿ ಈ ಮಿತಿ. ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ, ಅಲ್ಲಿನ ಠೇವಣಿಗೆ ಈ ವಿಮೆಯೇ ಇಲ್ಲ. ಒಂದೆರಡು ಅಂಶ ಹೆಚ್ಚು ಬಡ್ಡಿ ಕಂಡಾಗ ಇದು ನೆನಪಿರಲಿ.

ಆ ದಿನ ಮಾಡಬೇಕಾದ ಜಾಣತನ ಎಂದರೆ ಅವಸರ ಮಾಡದಿರುವುದು. ಹಣ ಎರಡು ಮೂರು ತಿಂಗಳು ಸಾಮಾನ್ಯ ಎಫ್‌ಡಿಯಲ್ಲಿದ್ದರೆ ಏನೂ ಹಾಳಾಗುವುದಿಲ್ಲ. ಆಮೇಲೆ ಮೂರು ಭಾಗ ಮಾಡಿ. ಎರಡು ಮೂರು ವರ್ಷದ ಖರ್ಚು ಬ್ಯಾಂಕಿನಲ್ಲಿ, ವಿಮೆಯ ಮಿತಿ ನೋಡಿಕೊಂಡು. ನಿಯಮಿತ ಆದಾಯಕ್ಕೆ ಒಂದು ದೊಡ್ಡ ಪಾಲು ಸರ್ಕಾರಿ ಯೋಜನೆಗಳಲ್ಲಿ. ಹತ್ತು ವರ್ಷದ ನಂತರ ಬೇಕಾಗುವ ಹಣದಲ್ಲಿ ಸ್ವಲ್ಪ, ಮನಸ್ಸಿಗೆ ಒಪ್ಪಿದರೆ ಮಾತ್ರ, ಷೇರು ಫಂಡ್‌ನಲ್ಲಿ.

ಸರ್ಕಾರಿ ಯೋಜನೆಗಳಲ್ಲಿ ಮುಖ್ಯವಾದದ್ದು 60 ದಾಟಿದವರಿಗಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಲ್ಲಿ ಇದರ ಮಿತಿ 30 ಲಕ್ಷಕ್ಕೂ ಬಡ್ಡಿ ಶೇ. 8.2ಕ್ಕೂ ಏರಿತು. ಆ ದರದಲ್ಲಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಐದು ವರ್ಷದ ಅವಧಿಗೆ ನೀವು ಇಟ್ಟ ದಿನದ ದರವೇ ಸಿಗುತ್ತದೆ. ಅಂದರೆ ಆ ಐದು ವರ್ಷ ಬೆಲೆ ಏರಿದರೂ ಕೈಗೆ ಬರುವ ಮೊತ್ತ ಏರುವುದಿಲ್ಲ. ಬಂದದ್ದನ್ನೆಲ್ಲ ಖರ್ಚು ಮಾಡದೆ ಸ್ವಲ್ಪ ಮತ್ತೆ ಉಳಿಸಬೇಕಾದದ್ದು ಇದಕ್ಕೇ.

ಫಾರ್ವರ್ಡ್ ಒತ್ತುವ ಮೊದಲು ಮೂರು ಪ್ರಶ್ನೆ

ಹಣದ ಬಗ್ಗೆ ಯಾವ ಸಂದೇಶ ಬಂದರೂ ಇಷ್ಟು ಕೇಳಿ.

1. ಹೇಳಿರುವ ಮೊತ್ತ ಇಂದಿನ ಬೆಲೆಯಲ್ಲಿ ಎಷ್ಟು? 72ರ ಉಪಾಯದಿಂದ ಅಂದಾಜು ಮಾಡಿ.
2. ಹೇಳಿರುವ ಲಾಭಕ್ಕೆ ಖಾತರಿ ಕೊಡುವವರು ಯಾರು? ಸರ್ಕಾರವೇ, ಬ್ಯಾಂಕೇ, ಅಥವಾ ಯಾರೂ ಇಲ್ಲವೇ?
3. ಮಧ್ಯದಲ್ಲಿ ಹಣ ಬೇಕಾದರೆ ಏನಾಗುತ್ತದೆ? ಕಮಿಷನ್, ದಂಡ, ತೆರಿಗೆ ಎಲ್ಲ ಸೇರಿ ಎಷ್ಟು ಸೋರುತ್ತದೆ?

ಹಣ ಸಂಗ್ರಹಿಸುವ ಕಂಪನಿಯ ಬಗ್ಗೆ ಅನುಮಾನ ಬಂದರೆ ರಿಸರ್ವ್ ಬ್ಯಾಂಕಿನ "ಸಚೇತ್" ಜಾಲತಾಣದಲ್ಲಿ ನೋಡಬಹುದು, ದೂರನ್ನೂ ಕೊಡಬಹುದು. ಆನ್‌ಲೈನ್ ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈ ವಾರ ಮಾಡಬಹುದಾದ ಒಂದು ಕೆಲಸ ಹೇಳಿ ಮುಗಿಸುತ್ತೇವೆ. ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಯುಎಎನ್ ಹಾಕಿ ಪಿಎಫ್ ಪಾಸ್‌ಬುಕ್ ತೆರೆಯಿರಿ. ಕಂಪನಿ ಪ್ರತಿ ತಿಂಗಳು ಹಣ ಕಟ್ಟುತ್ತಿದೆಯೇ, ಹಳೆಯ ಖಾತೆಗಳು ಸೇರಿವೆಯೇ, ಎಲ್ಲಕ್ಕಿಂತ ಮುಖ್ಯವಾಗಿ ನಾಮಿನಿಯ ಹೆಸರು ಇದೆಯೇ ನೋಡಿ. ಪಿಎಫ್ ಸದಸ್ಯರು ಸೇವೆಯಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷದವರೆಗೆ ವಿಮಾ ಹಣವೂ ಸಿಗುತ್ತದೆ. ನಾಮಿನಿ ಇಲ್ಲದಿದ್ದರೆ ಅದಕ್ಕೂ ಕಚೇರಿ ಅಲೆದಾಟ. ಪಿಎಫ್ ಇಲ್ಲದವರು ಬ್ಯಾಂಕ್ ಪಾಸ್‌ಬುಕ್ ತೆರೆದು ಇದೇ ನಾಮಿನಿಯ ಸಾಲನ್ನು ಹುಡುಕಿ. ನಿಮ್ಮದು ನೋಡಿದ ಮೇಲೆ ಅಪ್ಪ ಅಮ್ಮನ ಖಾತೆಯನ್ನೂ ಅವರ ಜೊತೆ ಕೂತು ನೋಡಿ. ಹತ್ತು ನಿಮಿಷದ ಕೆಲಸ. ಗ್ರೂಪಿಗೆ ಕಳಿಸುವುದಾದರೆ 1.75 ಕೋಟಿಯ ಬದಲು ಇದನ್ನು ಕಳಿಸಿ.